ನರ ಬಹುಕಾಲ ಒತ್ತಿಹೋದರೆ ಆಗುವ ಹಾನಿಯನ್ನು ಯಾವ ಪ್ರಾಣಿಗಳಲ್ಲಿ ಅಧ್ಯಯನ ಮಾಡುತ್ತಾರೆ?

ಹೆಚ್ಚಾಗಿ ಇಲಿಯಲ್ಲಿ. ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ) ತೊಂದರೆ ಇರುವವರ ನರವನ್ನು ಸುಮ್ನೆ ತುಂಡು ಮಾಡಿ ನೋಡಲು ಆಗುವುದಿಲ್ಲ ಅಲ್ವಾ? ಅದಕ್ಕೇ ಪ್ರಾಣಿಗಳು ಬೇಕಾಗುತ್ತವೆ.

ಇಲಿಯ ತೊಡೆಯಲ್ಲಿರುವ ಸಯಾಟಿಕ್ ನರಕ್ಕೆ ಚಿಕ್ಕ ಸಿಲಿಕೋನ್ ಕೊಳವೆ ತೊಡಿಸುತ್ತಾರೆ. ಹಾಕುವಾಗ ಅದು ನರವನ್ನು ಹಿಸುಕಬಾರದು. ಹಾನಿ ವಾರ, ತಿಂಗಳುಗಳಲ್ಲಿ ನಿಧಾನವಾಗಿ ಆಗಬೇಕು. ಹೀಗೆ ಕಂಡುಬಂದ ಒಂದು ವಿಷಯ ನನಗೆ ತುಂಬಾ ಮುಖ್ಯ ಅನಿಸುತ್ತದೆ: ನರದ ಎಳೆಗಳು ಬಹುತೇಕ ಉಳಿದಿರುವಾಗಲೇ ಅವುಗಳ ಹೊದಿಕೆ ಮಾಡುವ ಶ್ವಾನ್ ಕೋಶಗಳು ಹೆಚ್ಚತೊಡಗುತ್ತವೆ, ಮೈಲಿನ್ ಹೊದಿಕೆ ತೆಳುವಾಗುತ್ತದೆ. ನರ ಜಜ್ಜಿಹೋದಾಗ ಆಗುವುದೇ ಬೇರೆ. ಅಲ್ಲಿ ಎಳೆಯೇ ಮೊದಲು ಸಾಯುತ್ತದೆ.

1988ರಲ್ಲಿ ಬೆನೆಟ್ ಮತ್ತು ಶೀ ಎಂಬ ಸಂಶೋಧಕರು ಇನ್ನೊಂದು ವಿಧಾನ ತೋರಿಸಿದರು. ಅದೇ ನರಕ್ಕೆ ಕ್ರೋಮಿಕ್ ಗಟ್ ಎಂಬ, ಪ್ರಾಣಿಗಳ ಕರುಳಿನಿಂದ ಮಾಡಿದ ಹೊಲಿಗೆ ದಾರದಿಂದ ನಾಲ್ಕು ಸಡಿಲ ಗಂಟು. ನೋವಿನ ಸಂಶೋಧನೆಗೆ ಇದು ಜಾಸ್ತಿ ಬಳಕೆಯಲ್ಲಿದೆ. ಆದರೆ ಆ ದಾರವೇ ಉರಿಯೂತ ತರುತ್ತದೆ. ಹಾಗಾಗಿ ಬರೀ ಒತ್ತಡದ ಪರಿಣಾಮ ತಿಳಿಯಬೇಕಿದ್ದರೆ ನಾನು ಕೊಳವೆಯನ್ನೇ ನಂಬುತ್ತೇನೆ.

ಮೊಲದ ನರದ ಮೇಲೆ ಅಳತೆ ಮಾಡಿ ಒತ್ತಡ ಹಾಕಿದಾಗ, ಸುಮಾರು 20-30 ಮಿ.ಮೀ. ಪಾದರಸದಷ್ಟಕ್ಕೇ ಸಣ್ಣ ಅಭಿಧಮನಿಗಳಲ್ಲಿ ರಕ್ತ ನಿಧಾನವಾಯಿತು.

ಗಿನಿಪಿಗ್‌ಗಳಿಗಂತೂ ಯಾರೂ ಏನೂ ಮಾಡದೆ, ವಯಸ್ಸಾದಂತೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗುತ್ತದೆ. ಅವುಗಳ ಮೈಲಿನ್ ತುಣುಕುಗಳು ಗೊದಮೊಟ್ಟೆಯಂತೆ ಕಂಡವು: ಒಂದು ತುದಿ ಸಪೂರ, ಇನ್ನೊಂದು ಉಬ್ಬು.