ಫ್ಯಾಂಟಸಿ ಫುಟ್‌ಬಾಲ್‌ನ (ಅಮೆರಿಕದ ಎನ್‌ಎಫ್‌ಎಲ್ ಆಟಗಾರರನ್ನು ಆರಿಸಿ ಆಡುವ ಆಟ) ರೂಕಿ ಡ್ರಾಫ್ಟ್‌ಗೆ ಗ್ರೇಡ್ ಕೊಡುವಾಗ ಎಡಿಪಿ ನೋಡಬೇಕೋ, ತಂಡದ ಅಗತ್ಯ ನೋಡಬೇಕೋ?

ಎರಡನ್ನೂ ಬಿಡಿ. ಎಡಿಪಿಗೆ, ಅಂದರೆ ಆಟಗಾರ ಬೇರೆ ಲೀಗುಗಳಲ್ಲಿ ಸರಾಸರಿ ಎಷ್ಟನೆಯವನಾಗಿ ಆಯ್ಕೆಯಾಗುತ್ತಾನೆ ಎಂಬುದಕ್ಕೆ, ಒಂದು ಕಾಲಂ, ತಂಡದ ಅಗತ್ಯಕ್ಕೆ ಒಂದು ಕಾಲಂ, ಕೊನೆಗೆ ಎ ಇಂದ ಎಫ್‌ವರೆಗೆ ಒಂದು ಅಕ್ಷರ. ಲೀಗ್ ನಡೆಸುವ ಕಮಿಷನರ್ ಆಗಿ ನೀವು ಈ ವಾರ ಹಾಕಲು ಹೊರಟಿರುವ ಶೀಟನ್ನೇ ನಾನು 2020ರ ಮೇ ತಿಂಗಳಲ್ಲಿ ನಮ್ಮ ಡೈನಸ್ಟಿ ಲೀಗಿಗೆ (ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಲೀಗ್) ಹಾಕಿದ್ದೆ. ನನ್ನ ತಂಡಕ್ಕೆ ಎ ಪ್ಲಸ್ ಬಂದಿತ್ತು. ಆ ಅಕ್ಷರ ಬಂದದ್ದೇ ತಪ್ಪು ಲೆಕ್ಕದಿಂದ. ಆ ಲೆಕ್ಕ ಬಿಡಿಸಿ ಹೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ನಮ್ಮದು 12 ತಂಡದ ಲೀಗ್. ಒಂದೇ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು), ಪ್ರತಿ ಕ್ಯಾಚ್‌ಗೆ ಒಂದು ಪಾಯಿಂಟ್, ಎನ್‌ಎಫ್‌ಎಲ್‌ಗೆ ಆ ವರ್ಷ ಬಂದ ಹೊಸಬರನ್ನು ಸರದಿಯಂತೆ ಆರಿಸುವ ನಾಲ್ಕು ಸುತ್ತಿನ ರೂಕಿ ಡ್ರಾಫ್ಟ್. ನನ್ನ ಬಳಿ ಇದ್ದದ್ದು 1.03, ಅಂದರೆ ಮೊದಲ ಸುತ್ತಿನ ಮೂರನೇ ಪಿಕ್ (ಆಯ್ಕೆಯ ಸರದಿ). ಆ ವರ್ಷ ಸೂಪರ್ ಬೌಲ್ ಗೆದ್ದಿದ್ದ ಕ್ಯಾನ್ಸಸ್ ಸಿಟಿ ಚೀಫ್ಸ್, ಏಪ್ರಿಲ್‌ನ ನಿಜವಾದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ ಕೊನೆಯ ಪಿಕ್‌ಗೆ, ಅಂದರೆ 32ನೆಯದಕ್ಕೆ, ಎಲ್‌ಎಸ್‌ಯು ಕಾಲೇಜಿನ ಕ್ಲೈಡ್ ಎಡ್ವರ್ಡ್ಸ್-ಹೆಲೇರ್‌ನನ್ನು ತೆಗೆದುಕೊಂಡಿತು. ಆ ಸಲ ಎಲ್ಲರಿಗಿಂತ ಮೊದಲು ಹೋದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಅವನೇ. ಪಕ್ಕದಲ್ಲಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್, ಮೇಲೆ ಕೋಚ್ ಆಂಡಿ ರೀಡ್. ರೀಡ್ ಬಳಿ ಮಿಂಚಿದ ರನ್ನಿಂಗ್ ಬ್ಯಾಕ್‌ಗಳ ಸಾಲು ಎಲ್ಲರ ಬಾಯಲ್ಲೂ ಇತ್ತು: ವೆಸ್ಟ್‌ಬ್ರೂಕ್, ಮೆಕಾಯ್, ಜಮಾಲ್ ಚಾರ್ಲ್ಸ್, 2017ರಲ್ಲಿ ರೂಕಿಯಾಗಿಯೇ ಇಡೀ ಲೀಗಿನಲ್ಲಿ ಅತಿ ಹೆಚ್ಚು ರಶಿಂಗ್ ಯಾರ್ಡ್ ಗಳಿಸಿದ ಕರೀಮ್ ಹಂಟ್. ರಾತ್ರೋರಾತ್ರಿ ಎಡ್ವರ್ಡ್ಸ್-ಹೆಲೇರ್ ಹಲವು ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೆ ಏರಿದ. ನಾನು 1.03, 2.03 ಮತ್ತು 2021ರ ನನ್ನ ಮೊದಲ ಸುತ್ತಿನ ಪಿಕ್ ಮೂರನ್ನೂ ಕೊಟ್ಟು 1.01 ತೆಗೆದುಕೊಂಡೆ.

1.02ರಲ್ಲಿ ಡಿ'ಆಂಡ್ರೆ ಸ್ವಿಫ್ಟ್ ಹೋದ. ನಾನು ಕೊಟ್ಟ 1.03ರಲ್ಲಿ ಜೊನಾಥನ್ ಟೇಲರ್ ಹೋದ. 1.09ರಲ್ಲಿ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಜಸ್ಟಿನ್ ಜೆಫರ್ಸನ್. ಟೇಲರ್‌ನನ್ನು ತೆಗೆದುಕೊಂಡವರಿಗೆ ನಾನು ಕೊಟ್ಟ ಗ್ರೇಡ್ ಬಿ ಮೈನಸ್, ಜೆಫರ್ಸನ್ ತೆಗೆದುಕೊಂಡವರಿಗೆ ಸಿ ಪ್ಲಸ್. ಟೇಲರ್ 2021ರಲ್ಲಿ 1,811 ರಶಿಂಗ್ ಯಾರ್ಡ್ ಗಳಿಸಿ ಲೀಗಿಗೇ ಮೊದಲಿಗನಾದ. ಜೆಫರ್ಸನ್ ರೂಕಿ ವರ್ಷವೇ 1,400 ಯಾರ್ಡ್, 2022ರಲ್ಲಿ 1,809. ಎಡ್ವರ್ಡ್ಸ್-ಹೆಲೇರ್ ಮೊದಲ ವರ್ಷ ಓಡಿದ್ದು 803 ಯಾರ್ಡ್, ಆಮೇಲೆ ಆ ಸಂಖ್ಯೆಯನ್ನು ಅವನು ಮುಟ್ಟಲೇ ಇಲ್ಲ. ನಾನು ಕೈಬಿಟ್ಟ 2021ರ ಪಿಕ್ 1.03 ಆಗಿ, ಅದರಲ್ಲಿ ಜಮಾರ್ ಚೇಸ್ ಹೋದ.

ಇಷ್ಟು ಓದಿ "ಆಟಗಾರನ ಆಯ್ಕೆ ತಪ್ಪಿತು" ಅಂದುಕೊಳ್ಳಬೇಡಿ. ಆಟಗಾರರ ವಿಷಯದಲ್ಲಿ ಎಲ್ಲರೂ ತಪ್ಪುತ್ತಾರೆ, ಎನ್‌ಎಫ್‌ಎಲ್ ತಂಡಗಳೂ ತಪ್ಪುತ್ತವೆ. ನನ್ನ ತಪ್ಪು ಮೇ ತಿಂಗಳಲ್ಲೇ, ಒಂದು ಚೆಂಡೂ ಎಸೆಯುವ ಮೊದಲೇ, ಶೀಟಿನಲ್ಲಿ ಕಾಣುತ್ತಿತ್ತು. ನೋಡುವ ಕಾಲಂ ನಾನು ಇಟ್ಟಿರಲಿಲ್ಲ.

ಮೊದಲನೆಯದು, 32 ಮತ್ತು 41. ಟೇಲರ್ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಹೋದದ್ದು 41ನೇ ಪಿಕ್‌ಗೆ. ಸ್ವಿಫ್ಟ್ 35. ಕ್ಯಾಮ್ ಏಕರ್ಸ್ 52, ಜೆ.ಕೆ. ಡಾಬಿನ್ಸ್ 55. ಐವರೂ 24 ಪಿಕ್‌ಗಳ ಒಳಗೆ. ತಮ್ಮ ದುಡ್ಡು, ಕೆಲಸ ಎರಡನ್ನೂ ಒತ್ತೆಯಿಟ್ಟು ತೀರ್ಮಾನ ಮಾಡುವ ಎನ್‌ಎಫ್‌ಎಲ್ ತಂಡಗಳು ಈ ಐವರನ್ನು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಕೂರಿಸಿದ್ದವು. "ಮೊದಲ ಸುತ್ತು" ಎಂಬ ಹಣೆಪಟ್ಟಿ ಒಬ್ಬನಿಗೆ ಮಾತ್ರ ಸಿಕ್ಕಿತು, ಅದೂ ಆ ಸುತ್ತಿನ ಕಟ್ಟಕಡೆಯ ಪಿಕ್‌ನಲ್ಲಿ. ಒಂಬತ್ತು ಪಿಕ್ ಅಂತರವನ್ನು ನಾನು ಒಂದು ಸುತ್ತಿನ ಅಂತರವಾಗಿ ಓದಿದೆ.

ಎರಡನೆಯದು, ಹೋಗಿ ಸೇರಿದ ತಂಡ. ಟೇಲರ್ ವಿಸ್ಕಾನ್ಸಿನ್‌ನಲ್ಲಿ ಮೂರು ವರ್ಷಕ್ಕೆ 6,174 ಯಾರ್ಡ್ ಓಡಿದವನು. 226 ಪೌಂಡ್ ತೂಕ ಇಟ್ಟುಕೊಂಡು 40 ಯಾರ್ಡ್ ದೂರವನ್ನು 4.39 ಸೆಕೆಂಡ್‌ನಲ್ಲಿ ಮುಗಿಸಿದ. ಎಡ್ವರ್ಡ್ಸ್-ಹೆಲೇರ್ 207 ಪೌಂಡ್, 4.60 ಸೆಕೆಂಡ್. ಇದು ನನಗೆ ಗೊತ್ತಿತ್ತು. ಆದರೂ "ಕೋಲ್ಟ್ಸ್‌ನಲ್ಲಿ ಮಾರ್ಲನ್ ಮ್ಯಾಕ್ ಇದ್ದಾನೆ, ಹಿಂದಿನ ವರ್ಷ 1,091 ಯಾರ್ಡ್ ಓಡಿದ್ದಾನೆ" ಎಂದು ಅಂಕ ಕಳೆದೆ. ಸೆಪ್ಟೆಂಬರ್‌ನ ಮೊದಲ ಪಂದ್ಯದಲ್ಲೇ ಮ್ಯಾಕ್‌ಗೆ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಅತ್ತ ಚೀಫ್ಸ್ ಅಕ್ಟೋಬರ್‌ನಲ್ಲಿ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಲೆವಿಯಾನ್ ಬೆಲ್‌ನನ್ನು ಕರೆತಂದಿತು. ನನ್ನ ಎರಡೂ ಕಾರಣಗಳು ಆರು ವಾರದಲ್ಲಿ ತಲೆಕೆಳಗಾದವು. ಜೆಫರ್ಸನ್‌ಗೂ ಇದೇ ಅನ್ಯಾಯ ಮಾಡಿದ್ದೆ: ಮಿನೆಸೋಟ ವೈಕಿಂಗ್ಸ್ ಓಡುವ ತಂಡ, ಇವನು ಕಾಲೇಜಿನ ಕೊನೆಯ ವರ್ಷ ಸ್ಲಾಟ್‌ನಲ್ಲೇ (ಅಂಚಿಗಿಂತ ಒಳಗಿನ ಜಾಗ) ಹೆಚ್ಚು ಆಡಿದವನು ಅಂತ. ರಿಸೀವರ್ ಸ್ಟೆಫಾನ್ ಡಿಗ್ಸ್‌ನನ್ನು ಬಫಲೋಗೆ ಕೊಟ್ಟು ಪಡೆದ 22ನೇ ಪಿಕ್‌ಗೇ ವೈಕಿಂಗ್ಸ್ ಅವನನ್ನು ತಂದದ್ದು. ಡಿಗ್ಸ್ ಬಿಟ್ಟುಹೋದ ಜಾಗ ಕಣ್ಣೆದುರಿಗೇ ಖಾಲಿ ಇತ್ತು.

ಮೂರನೆಯದು ಎಲ್ಲಕ್ಕಿಂತ ದುಬಾರಿ. ಕೊಟ್ಟ ಬೆಲೆಗೆ ಕಾಲಂ ಇರಲಿಲ್ಲ. ಶೀಟಿನಲ್ಲಿ ಇದ್ದದ್ದು ಇಷ್ಟೇ: 1.01ರಲ್ಲಿ ಎಡ್ವರ್ಡ್ಸ್-ಹೆಲೇರ್, ಎಡಿಪಿ 1, ಅಂತರ ಸೊನ್ನೆ, ತಂಡಕ್ಕೆ ರನ್ನಿಂಗ್ ಬ್ಯಾಕ್ ಬೇಕಿತ್ತು, ಗ್ರೇಡ್ ಎ ಪ್ಲಸ್. ಆ 1.01 ಎಲ್ಲಿಂದ ಬಂತು ಎಂಬುದು ಎಲ್ಲೂ ಇಲ್ಲ. ಈಗ ನಾನು ಬಳಸುವ ಅಳತೆ ಹೀಗಿದೆ: 1.01ಕ್ಕೆ 100, 1.03ಕ್ಕೆ 80, 1.06ಕ್ಕೆ 60, 1.12ಕ್ಕೆ 40, 2.03ಕ್ಕೆ 32, 2.06ಕ್ಕೆ 25, ಮೂರನೇ ಸುತ್ತಿನ ನಡುವಿಗೆ 10, ನಾಲ್ಕನೆಯದಕ್ಕೆ 4. ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಎಲ್ಲಿ ಬೀಳುತ್ತದೆ ಗೊತ್ತಿಲ್ಲದಾಗ 55. ಇದು ನಮ್ಮ ಲೀಗಿಗೆ ನಾನು ಹೊಂದಿಸಿಕೊಂಡದ್ದು, ನೀವು ನಿಮ್ಮದಕ್ಕೆ ಬದಲಿಸಿಕೊಳ್ಳಿ. ಈ ಅಳತೆಯಲ್ಲಿ ನಾನು ಕೊಟ್ಟದ್ದು 80, 32, 55, ಒಟ್ಟು 167. ಪಡೆದದ್ದು 100. ಐವರು ಒಂದೇ ಸಾಲಿನಲ್ಲಿದ್ದ ಕಡೆ, ಅವರಲ್ಲಿ ಒಬ್ಬನನ್ನು ಹೆಸರು ಹಿಡಿದು ಕೇಳುವುದಕ್ಕೆ 67 ಹೆಚ್ಚು ತೆತ್ತೆ. ಅವತ್ತಿನ ನಿಜವಾದ ಎ ಪ್ಲಸ್ ಎದುರಿನವರದು. ಅವರು ಎರಡು ಸ್ಥಾನ ಕೆಳಗಿಳಿದು, ಅದೇ ಸಾಲಿನ ಆಟಗಾರನನ್ನೇ ಪಡೆದು, ಮೇಲೆ ಎರಡು ಪಿಕ್ ಒಯ್ದರು. ಟೇಲರ್ ಮುಂದೆ ವಿಫಲನಾಗಿದ್ದರೂ ನಾನು ಹೀಗೇ ಹೇಳುತ್ತಿದ್ದೆ.

ಮೇಲೇರುವುದೇ ತಪ್ಪು ಅಂತಲ್ಲ. 2023 ನೋಡಿ. ಬೀಜಾನ್ ರಾಬಿನ್ಸನ್ 8, ಜಮೀರ್ ಗಿಬ್ಸ್ 12, ಮೂರನೇ ರನ್ನಿಂಗ್ ಬ್ಯಾಕ್ ಜ್ಯಾಕ್ ಶಾರ್ಬೊನೆ 52. ಅಲ್ಲಿ ಇಬ್ಬರಾದ ಮೇಲೆ 40 ಪಿಕ್‌ಗಳ ಕಂದಕ ಇದೆ. ಆ ವರ್ಷ 1.04ರಿಂದ ಮೊದಲ ಎರಡರೊಳಗೆ ಬರಲು ಜಾಸ್ತಿ ತೆತ್ತವರಿಗೆ ನಾನು ಗ್ರೇಡ್ ಕಡಿಮೆ ಮಾಡಲಿಲ್ಲ. ಕಂದಕ ದಾಟಲು ಬೆಲೆ ಕೊಡಬಹುದು. ಒಂದೇ ಸಾಲಿನೊಳಗೆ ಜಾಗ ಬದಲಿಸಲು ಕೊಡಬಾರದು.

ಈಗ ಎಡಿಪಿ ಯಾಕೆ ಬೇಡ ಅಂತ. ಎನ್‌ಎಫ್‌ಎಲ್ ಡ್ರಾಫ್ಟ್ ಆದ ಮೇಲಿನ ಎಡಿಪಿ ಎಂದರೆ, ನನ್ನ ಹಾಗೆಯೇ ಚೀಫ್ಸ್ ಹೆಸರಿಗೆ ಕಣ್ಣು ಕೋರೈಸಿಕೊಂಡ ಸಾವಿರಾರು ಜನರ ಸರಾಸರಿ. ಅದಕ್ಕೆ ಹೋಲಿಸಿ ಗ್ರೇಡ್ ಕೊಟ್ಟರೆ ಗುಂಪಿನ ತಪ್ಪನ್ನು ಗುಂಪಿನ ತಪ್ಪಿನಿಂದಲೇ ಅಳೆದಂತೆ. ಆಟಗಾರರಿಗೆ ಬೆಲೆ ಕಟ್ಟುವ ಕೀಪ್‌ಟ್ರೇಡ್‌ಕಟ್ ಜಾಲತಾಣದ ಬೆಲೆಗಳೂ ಜನರ ಮತದಿಂದಲೇ ಬರುವುದು. ಎಡಿಪಿ ಹೇಳುವುದು ಒಂದೇ ವಿಷಯ: ಅವತ್ತು ಆ ಆಟಗಾರ ಮುಂದಿನ ಪಿಕ್‌ವರೆಗೆ ಉಳಿಯುತ್ತಿದ್ದನೇ ಇಲ್ಲವೇ. ಅಷ್ಟಕ್ಕೆ ಮಾತ್ರ ಬಳಸಿ. ಬಳಸುವಾಗ ನಿಮ್ಮ ಲೀಗಿನ ಮಾದರಿಯದನ್ನೇ ತೆಗೆಯಿರಿ. 2024ರಲ್ಲಿ ಮೊದಲ 12 ಪಿಕ್‌ಗಳಲ್ಲಿ ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನೂ ಆಡಿಸಬಹುದಾದ ಸೂಪರ್‌ಫ್ಲೆಕ್ಸ್ ಲೀಗಿನ ಪಟ್ಟಿ ಇಟ್ಟುಕೊಂಡು ಒಂದೇ ಕ್ವಾರ್ಟರ್‌ಬ್ಯಾಕ್ ಲೀಗಿಗೆ ಗ್ರೇಡ್ ಕೊಟ್ಟರೆ ಆ ಮೊದಲ ಸುತ್ತಿನಲ್ಲಿ ಒಬ್ಬರ ಗ್ರೇಡೂ ಸರಿ ಬರುವುದಿಲ್ಲ. ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಚೆಂಡೂ ಹಿಡಿಯುವ ಆಟಗಾರ) ಹಿಡಿದ ಕ್ಯಾಚ್‌ಗೆ ಒಂದೂವರೆ ಪಾಯಿಂಟ್ ಇದ್ದರೆ ಅದೂ ಬೇರೆ ಪಟ್ಟಿ.

ತಂಡದ ಅಗತ್ಯವಂತೂ ಸಂಪೂರ್ಣ ಬಿಡಿ. ಮೇ ತಿಂಗಳ ಅಗತ್ಯ ಅಕ್ಟೋಬರ್‌ನಲ್ಲಿ ಇರುವುದಿಲ್ಲ. 2021ರಲ್ಲಿ 25ನೇ ಪಿಕ್‌ನ ಟ್ರಾವಿಸ್ ಎಟಿಯೆನ್ ಆಗಸ್ಟ್‌ನಲ್ಲೇ ಪಾದಕ್ಕೆ ಗಾಯವಾಗಿ ಇಡೀ ವರ್ಷ ಕೂತ. 2022ರಲ್ಲಿ ಬ್ರೀಸ್ ಹಾಲ್ ಏಳನೇ ವಾರಕ್ಕೆ ಮಂಡಿ ಕಳೆದುಕೊಂಡ. "ಈ ವರ್ಷ ರನ್ನಿಂಗ್ ಬ್ಯಾಕ್ ಬೇಕು" ಎಂದು ಅವರನ್ನು ತೆಗೆದವರಿಗೆ ಆ ವರ್ಷ ಅವರು ಕೊನೆವರೆಗೆ ಒದಗಲಿಲ್ಲ. ಆದರೆ ಇಬ್ಬರೂ ಮರಳಿ ಬಂದು ಚೆನ್ನಾಗಿ ಆಡಿದರು, ಆಯ್ಕೆ ಒಳ್ಳೆಯದೇ ಆಗಿತ್ತು. ಈ ವರ್ಷದ ತೂತು ಮುಚ್ಚಲು ಅನುಭವಿ ಆಟಗಾರನನ್ನು ಟ್ರೇಡ್‌ನಲ್ಲಿ ತನ್ನಿ, ರೂಕಿ ಪಿಕ್ ಅದಕ್ಕಿರುವುದಲ್ಲ.

ಹಾಗಾದರೆ ಶೀಟಿನಲ್ಲಿ ಏನಿರಬೇಕು? ಪಿಕ್ ಸಂಖ್ಯೆ. ಆ ಪಿಕ್‌ಗೆ ಕೊಟ್ಟ ಬೆಲೆ, ಜನವರಿಯಿಂದ ಡ್ರಾಫ್ಟ್ ದಿನದವರೆಗಿನ ಎಲ್ಲ ಟ್ರೇಡ್ ಸೇರಿಸಿ. ಲೀಗ್ ನಡೆಸುವ ಸ್ಲೀಪರ್ ಆ್ಯಪ್‌ನಲ್ಲಿ ಟ್ರೇಡ್‌ಗಳ ಚರಿತ್ರೆ ಸಿಗುತ್ತದೆ, ಅದಕ್ಕೊಂದು ಗಂಟೆ ತೆಗೆದಿಡಿ. ಆಟಗಾರನ ಎನ್‌ಎಫ್‌ಎಲ್ ಪಿಕ್ ಸಂಖ್ಯೆ. ಅವನ ಸಾಲು, ಅಂದರೆ ಟಿಯರ್; ಇದನ್ನು ನೀವೇ ಬರೆಯಬೇಕು, ಡ್ರಾಫ್ಟ್ ಶುರುವಾಗುವ ಮೊದಲೇ ಬರೆದಿಡಬೇಕು. ಆಮೇಲೆ ಬರೆದರೆ ಸ್ನೇಹಿತರ ಪಿಕ್ ನೋಡಿ ಕೈ ವಾಲುತ್ತದೆ. ಕೊನೆಯದಾಗಿ, ಆ ಪಿಕ್ ಆದ ಮೇಲೆ ಹೋದ ಐದು ಹೆಸರು. ಪಿಕ್ಕನ್ನು ಆ ಐವರ ಜೊತೆ ಮಾತ್ರ ಹೋಲಿಸಿ. 1.03ರಲ್ಲಿ ತೆಗೆದವನನ್ನು ಮೂರನೇ ಸುತ್ತಿನಲ್ಲಿ ಸಿಕ್ಕ ಅದೃಷ್ಟದ ಜೊತೆ ಹೋಲಿಸಿ ಬೈಯುವುದು ನ್ಯಾಯವಲ್ಲ.

ಆಮೇಲೆ ಎರಡು ಗ್ರೇಡ್, ಬೇರೆ ಬೇರೆ: ಒಂದು ಬೆಲೆಗೆ, ಒಂದು ಆಯ್ಕೆಗೆ. ಎರಡನ್ನೂ ಕೂಡಿಸಿ ಒಂದು ಅಕ್ಷರ ಮಾಡಿದರೆ ನನ್ನ 2020ರ ಶೀಟಿಗೇ ವಾಪಸ್ ಬರುತ್ತೀರಿ. ತಂಡದ ಒಟ್ಟು ಲೆಕ್ಕಕ್ಕೆ ಮೇಲಿನ ಅಂಕಗಳೇ ತೂಕ. ಮೂರನೇ, ನಾಲ್ಕನೇ ಸುತ್ತಿನ ಆರು ಪಿಕ್ ಚೆನ್ನಾಗಿದ್ದರೂ ಮೊದಲ ಸುತ್ತಿನ ಒಂದು ತಪ್ಪನ್ನು ಅವು ಎತ್ತುವುದಿಲ್ಲ.

ನಾಲ್ಕನೇ ಸುತ್ತಿಗೆ ಹೆಸರು ನೋಡಿ ಗ್ರೇಡ್ ಕೊಡಲೇಬೇಡಿ. ರಿಸೀವರ್ ಪೂಕಾ ನಕುವಾ 177ನೇ ಪಿಕ್, ರೂಕಿ ವರ್ಷ 105 ಕ್ಯಾಚ್, 1,486 ಯಾರ್ಡ್. ಅದನ್ನು ಮೇ ತಿಂಗಳಲ್ಲಿ ಕಂಡವರಿಲ್ಲ. ಅಲ್ಲಿ ನೋಡಬೇಕಾದದ್ದು ಆಟಗಾರನನ್ನು ಉಳಿಸಿಕೊಳ್ಳುವ ಜಾಗ. ಟ್ಯಾಕ್ಸಿ ಸ್ಕ್ವಾಡ್‌ನಲ್ಲಿ (ಹೊಸಬರನ್ನು ಆಡಿಸದೆ ಇಟ್ಟುಕೊಳ್ಳುವ ಹೆಚ್ಚುವರಿ ಜಾಗ) ಖಾಲಿ ಇದ್ದರೆ ರಿಸೀವರ್ ತೆಗೆದದ್ದು ಸರಿ, ಅವರಿಗೆ ಸಮಯ ಬೇಕು. ಜಾಗ ಇಲ್ಲದಿದ್ದರೆ ರನ್ನಿಂಗ್ ಬ್ಯಾಕ್ ವಾಸಿ, ಆಗಸ್ಟ್ ಕೊನೆಯಲ್ಲಿ ತಂಡಗಳು 53 ಜನಕ್ಕೆ ಇಳಿಯುವ ಹೊತ್ತಿಗೆ ಅವನು ಉಳಿದನೋ ಇಲ್ಲವೋ ಗೊತ್ತಾಗುತ್ತದೆ. ಟ್ಯಾಕ್ಸಿ ತುಂಬಿದ ತಂಡ ನಾಲ್ಕನೇ ಸುತ್ತಿನಲ್ಲಿ ಟೈಟ್ ಎಂಡ್ ತೆಗೆದರೆ ಆ ಪಿಕ್ ಸೆಪ್ಟೆಂಬರ್‌ನಲ್ಲಿ ಕಸಕ್ಕೆ ಹೋಗುತ್ತದೆ.

ಬೆಲೆಯ ಗ್ರೇಡನ್ನು ಡ್ರಾಫ್ಟ್ ವಾರದಲ್ಲೇ ಹಾಕಿ, ಅದು ಮುಂದೆ ಬದಲಾಗಬಾರದು. ಆಯ್ಕೆಯ ಗ್ರೇಡನ್ನು ಪೆನ್ಸಿಲ್‌ನಲ್ಲಿ ಬರೆದಂತೆ ಇಟ್ಟುಕೊಳ್ಳಿ. ನಾನು ರನ್ನಿಂಗ್ ಬ್ಯಾಕ್‌ಗಳನ್ನು ಒಂದು ಸೀಸನ್ ಆದ ಮೇಲೆ ನೋಡುತ್ತೇನೆ, ರಿಸೀವರ್‌ಗಳನ್ನು ಎರಡಾದ ಮೇಲೆ, ಕ್ವಾರ್ಟರ್‌ಬ್ಯಾಕ್ ಮತ್ತು ಟೈಟ್ ಎಂಡ್‌ಗಳನ್ನು ಮೂರಾದ ಮೇಲೆ. ಟೈಟ್ ಎಂಡ್ ಕೈಲ್ ಪಿಟ್ಸ್ 2021ರಲ್ಲಿ 4ನೇ ಪಿಕ್, ರೂಕಿಯಾಗಿ 1,026 ಯಾರ್ಡ್. ಒಂದೇ ವರ್ಷಕ್ಕೆ ಗ್ರೇಡ್ ಮುಗಿಸಿದವರು ಎ ಕೊಟ್ಟು ಶೀಟು ಮುಚ್ಚಿದರು. ಮರುವರ್ಷ 356. ಅದೇ ಡ್ರಾಫ್ಟ್‌ನ 3ನೇ ಪಿಕ್, ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ನನ್ನು 2023ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಾಲ್ಕನೇ ಸುತ್ತಿನ ಪಿಕ್‌ಗೆ ಮಾರಿತು, ಅವನ ಜಾಗದಲ್ಲಿ ಆಡುತ್ತಿದ್ದವನು 262ನೇ ಪಿಕ್ ಬ್ರಾಕ್ ಪರ್ಡಿ. ಎಡ್ವರ್ಡ್ಸ್-ಹೆಲೇರ್ ಮೊದಲ ಪಂದ್ಯದಲ್ಲಿ ಹ್ಯೂಸ್ಟನ್ ವಿರುದ್ಧ 138 ಯಾರ್ಡ್ ಓಡಿದ್ದ, ಆ ರಾತ್ರಿ ನನ್ನ ಎ ಪ್ಲಸ್ ಪಕ್ಕಾ ಅನ್ನಿಸಿತ್ತು. ಅವನ ಬೆಲೆ ಅತ್ಯಂತ ಮೇಲಿದ್ದ ಆ ವಾರ ಮಾರದೆ ಕೂತದ್ದಕ್ಕೂ ಆ ಅಕ್ಷರವೇ ಕಾರಣ.

ಇನ್ನೊಂದು. ನೀವೂ ನಿಮ್ಮ ಲೀಗಿನಲ್ಲಿ ಆಡುತ್ತಿದ್ದೀರಿ. ನಿಮ್ಮ ತಂಡದ ಸಾಲನ್ನು ಖಾಲಿ ಬಿಟ್ಟು, ನಿಮ್ಮೊಡನೆ ಆ ವರ್ಷ ಟ್ರೇಡ್ ಮಾಡದ ಇಬ್ಬರಿಗೆ ಕಳುಹಿಸಿ. ನಿಮ್ಮ ಗ್ರೇಡನ್ನು ಅವರು ತುಂಬಿ ಕೊಟ್ಟ ಮೇಲೆಯೇ ಉಳಿದ ತಂಡಗಳದನ್ನು ಗುಂಪಿಗೆ ಹಾಕಿ.