‘ಅಗತ್ಯ ಶುಶ್ರೂಷೆ’ ಎಂದರೆ ಏನು?

ಮಾನ್ಯರೇ,

ನೀವು ಕಳುಹಿಸಿದ ‘ಬಿಳಿಯುಡುಗೆಯ ದೇವತೆಯರು’ ಲೇಖನವನ್ನು ಎರಡು ಸಲ ಓದಿದೆ. ಬೆಂಗಳೂರಿನಲ್ಲಿ ಹದಿನಾರು ವರ್ಷಗಳಿಂದ ದುಡಿಯುತ್ತಿರುವ ಶುಶ್ರೂಷಕಿಯೊಬ್ಬರು, ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡ ನಿವೃತ್ತ ಬಸ್ ಕಂಡಕ್ಟರರೊಬ್ಬರ ಕೊನೆಯ ಒಂಬತ್ತು ದಿನಗಳನ್ನು ಕುರಿತು ಬರೆದದ್ದು ನಮಗೆ ಸಂತೋಷದ ವಿಷಯ. ಭಾಷೆ ಶುದ್ಧವಾಗಿದೆ, ರೋಗಿಯ ಗುರುತನ್ನು ಮರೆಮಾಚಿರುವುದು ಉಚಿತವಾಗಿದೆ. ಇನ್ನು ನನ್ನನ್ನು ಕಾಡಿದ ವಿಷಯಕ್ಕೆ ಬರುತ್ತೇನೆ.

ಮೂರನೆಯ ಪುಟದಲ್ಲಿ ಈ ವಾಕ್ಯವಿದೆ: ‘ಅಗತ್ಯ ಶುಶ್ರೂಷೆಯನ್ನು ಕರುಣೆಯಿಂದ ನೀಡಿದ ಬಳಿಕ ಮಗಳು ತಂದೆಯ ಬಳಿ ಬಂದು ಕುಳಿತಳು.’ ಅದುವರೆಗೆ ಆಕೆ ಎಲ್ಲಿದ್ದಳು, ಏಕೆ ಹತ್ತಿರ ಬಂದಿರಲಿಲ್ಲ ಎಂಬುದನ್ನು ನೀವು ಬರೆದಿಲ್ಲ. ಕಳೆದ ಗುರುವಾರ ಫೋನಿನಲ್ಲಿ ನಾನು ಕೇಳಿದಾಗ ಮಾತ್ರ ತಡವರಿಸದೆ ಹೇಳಿದಿರಿ. ಕೆನ್ನೆಯ ಹುಣ್ಣು ಕೊಳೆತು ವಾಸನೆ ಬರುತ್ತಿತ್ತು; ಮಗಳು ಎರಡು ದಿನ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಬಾಗಿಲ ಬಳಿಯೇ ನಿಂತಿದ್ದಳು; ಅದನ್ನು ಕಂಡ ತಂದೆ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗುತ್ತಿದ್ದರು; ನೀವು ಹುಣ್ಣನ್ನು ತೊಳೆದು, ಮೆಟ್ರೊನಿಡಜೋಲ್ ಮಾತ್ರೆಗಳನ್ನು ಪುಡಿ ಮಾಡಿ ಅದರ ಮೇಲೆ ಉದುರಿಸಿ, ಬಟ್ಟೆ ಕಟ್ಟಿ, ದಿನಕ್ಕೆರಡು ಸಲ ಹೀಗೆ ಮಾಡಿದ ಮೇಲೆ ವಾಸನೆ ತಗ್ಗಿ, ಮೂರನೆಯ ದಿನ ಸಂಜೆ ಮಗಳು ಕುರ್ಚಿ ಎಳೆದುಕೊಂಡು ಕುಳಿತಳು. ಇದನ್ನು ಕೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಲೈನು ತುಂಡಾಯಿತೆಂದು ನೀವು ‘ಹಲೋ, ಹಲೋ’ ಎಂದಿರಿ. ಇಷ್ಟನ್ನೂ ‘ಅಗತ್ಯ ಶುಶ್ರೂಷೆ’ ಎಂಬ ಎರಡು ಪದಗಳು ನುಂಗಿ ಕುಳಿತಿವೆ.

‘ಕರುಣೆ’ ಎಂಬ ಪದಕ್ಕೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಹದಿನಾಲ್ಕು ಸಲ ಬಂದಿದೆ. ಮಾರತ್ತಹಳ್ಳಿಯ ಹತ್ತಿರವಿರುವ ಕರುಣಾಶ್ರಯದ ಹೆಸರಿನಲ್ಲಿ ಆ ಪದಕ್ಕೆ ತೂಕವಿದೆ, ಏಕೆಂದರೆ ಅಲ್ಲಿ ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಹೆಸರಿನ ಹಿಂದೆ ಹಾಸಿಗೆಗಳಿವೆ. ನಿಮ್ಮ ಹದಿನಾಲ್ಕು ಕರುಣೆಗಳ ಹಿಂದೆ ಓದುಗನಿಗೆ ಒಂದು ಬಟ್ಟಲು ನೀರೂ ಕಾಣುವುದಿಲ್ಲ.

ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸಾಯುವವರ ಆರೈಕೆಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದದ್ದನ್ನು ಆರಂಭದಲ್ಲೇ ಬರೆದಿದ್ದೀರಿ. ಸರಿ. ಆದರೆ ವೈದ್ಯೆಯಾಗುವ ಮೊದಲು ಆಕೆ ನಿಮ್ಮ ಹಾಗೆಯೇ ಶುಶ್ರೂಷಕಿಯಾಗಿದ್ದರು ಎಂಬುದನ್ನೂ, ಸಾಯುವವರ ನೋವಿನಲ್ಲಿ ಮೈಯ ನೋವಿನ ಜೊತೆಗೆ ಮನಸ್ಸಿನ ಕಳವಳ, ಮನೆಯವರ ಚಿಂತೆ, ದೇವರ ಮುಂದಿಡುವ ಪ್ರಶ್ನೆ ಎಲ್ಲವೂ ಸೇರಿವೆ ಎಂದು ಆಕೆ ಕಂಡುಕೊಂಡದ್ದನ್ನೂ ಬಿಟ್ಟಿದ್ದೀರಿ. ನಿಮ್ಮ ಕಂಡಕ್ಟರರು ರಾತ್ರಿ ಎರಡು ಗಂಟೆಗೆ ನಿಮ್ಮನ್ನು ಕರೆದು, ಬ್ಯಾಂಕ್ ಖಾತೆಗೆ ಹೆಂಡತಿಯ ಹೆಸರು ಸೇರಿಸಿಲ್ಲವೆಂದು ಅತ್ತದ್ದು ಅದೇ ನೋವು. ಅದೂ ನನಗೆ ಫೋನಿನಲ್ಲಿಯೇ ಸಿಕ್ಕಿತು.

ಇನ್ನು ಆರನೆಯ ಪುಟ. ‘ಅವರ ಕೊರಳಿನಿಂದ ಯಮನ ಕರೆ ಕೇಳಿಬಂತು’ ಎಂದು ಬರೆದಿದ್ದೀರಿ. ಈ ಸಾಲಿನ ಮೇಲೆ ನನಗೆ ಸ್ವಂತ ಸಿಟ್ಟಿದೆ ಎಂದು ಒಪ್ಪಿಕೊಳ್ಳುತ್ತೇನೆ. ಬಸವನಗುಡಿಯ ಬಾಡಿಗೆ ಮನೆಯಲ್ಲಿ ನಮ್ಮ ತಂದೆಯವರ ಗಂಟಲಿನ ಗೊರಗೊರ ಸದ್ದನ್ನು ಇಡೀ ರಾತ್ರಿ ಕೇಳಿದವನು ನಾನು. ಅವರಿಗೆ ಉಸಿರು ಕಟ್ಟುತ್ತಿದೆ, ನಾವು ಏನೋ ಮಾಡಬೇಕಾಗಿತ್ತು, ಮಾಡಲಿಲ್ಲ ಎಂಬ ಭಾವನೆಯನ್ನು ಎಷ್ಟೋ ವರ್ಷ ಹೊತ್ತುಕೊಂಡಿದ್ದೆ. ಎಚ್ಚರ ತಪ್ಪುತ್ತ ಬಂದವರಿಗೆ ಗಂಟಲಲ್ಲಿ ಕೂಡುವ ಎಂಜಲನ್ನು ನುಂಗಲು, ಕೆಮ್ಮಿ ಉಗುಳಲು ಆಗುವುದಿಲ್ಲ, ಉಸಿರು ಅದರ ಮೂಲಕ ಹಾಯುವಾಗ ಸದ್ದಾಗುತ್ತದೆ, ಮಗ್ಗುಲಿಗೆ ತಿರುಗಿಸಿ ಮಲಗಿಸಿದರೆ ಎಷ್ಟೋ ತಗ್ಗುತ್ತದೆ, ಆ ಸದ್ದಿನಿಂದ ಹಿಂಸೆಪಡುವವರು ಹೆಚ್ಚಾಗಿ ಪಕ್ಕದಲ್ಲಿ ಕುಳಿತವರೇ ಎಂದು ನೀವು ಕಂಡಕ್ಟರರ ಹೆಂಡತಿಗೆ ವಿವರಿಸಿದ್ದಿರಂತೆ. ನನಗೆ ಅದನ್ನು ಹೇಳುವವರು ಅಂದು ಇರಲಿಲ್ಲ. ನಮ್ಮ ಓದುಗರಲ್ಲಿ ಯಾರದೋ ಮನೆಯಲ್ಲಿ ಈ ರಾತ್ರಿಯೂ ಆ ಸದ್ದು ಕೇಳಿಸುತ್ತಿರಬಹುದು. ಅವರ ಬಳಿಗೆ ಯಮನನ್ನು ಕಳುಹಿಸಬೇಡಿ.

ಅದರ ಮುಂದಿನ ಸಾಲು: ‘ವೈದ್ಯರು ಕೈಚೆಲ್ಲಿದರು, ಇನ್ನು ಮಾಡುವುದೇನೂ ಉಳಿದಿರಲಿಲ್ಲ.’ ಇದು ಸುಳ್ಳು. ಆ ಬಳಿಕವೂ ರೋಗಿ ನಾಲ್ಕು ದಿನ ಬದುಕಿದ್ದರು, ನಾಲ್ಕು ದಿನವೂ ನಿಮಗೆ ಕೈತುಂಬ ಕೆಲಸವಿತ್ತು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್, ಅದರಿಂದ ಹೊಟ್ಟೆ ಕಟ್ಟದಿರಲು ಇನ್ನೊಂದು ಔಷಧ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ತುಟಿಗೆ ವ್ಯಾಸಲೀನ್. ‘ಇದು ಕೊಟ್ಟರೆ ಹೋಗಿಬಿಡ್ತಾರಾ ಸಿಸ್ಟರ್?’ ಎಂದು ಹೆಂಡತಿ ಮಾರ್ಫಿನ್ ಕಂಡು ಹೆದರಿದಾಗ, ಅದು ಸಾವಿನ ಮದ್ದಲ್ಲ, ನೋವಿನ ಮದ್ದು ಎಂದು ಕುಳಿತು ತಿಳಿಸಿದವರು ನೀವು. ಗಂಜಿಯ ಚಮಚ ಹಿಡಿದು ನಿಂತ ಆಕೆಗೆ, ಈಗ ಕುಡಿಸಿದರೆ ಶ್ವಾಸನಾಳಕ್ಕೆ ಹೋಗುತ್ತದೆ ಎಂದು ಹೇಳಿ, ಚಮಚ ಇಳಿಸಿಕೊಂಡು, ನೀರಿನಲ್ಲಿ ಅದ್ದಿದ ಹತ್ತಿಯನ್ನು ಆ ಕೈಗೇ ಕೊಟ್ಟಿರಿ. ಲೇಖನದಲ್ಲಿ ಉಳಿದುಕೊಂಡಿರುವ ಒಂದೇ ಜೀವಂತ ಸಾಲು ಆ ಚಮಚದ್ದು, ಅದನ್ನು ಮುಟ್ಟಬೇಡಿ.

ಕೊನೆಗೆ ‘ಜೀವನದೀಪ ನಂದಿತು’. ನಾನು ದಿನಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಮೊದಲ ವರ್ಷವೆಲ್ಲ ನಿಧನವಾರ್ತೆ ಬರೆಯುವುದೇ ನನ್ನ ಪಾಲಿಗಿತ್ತು. ದೈವಾಧೀನ, ಶಿವೈಕ್ಯ, ವೈಕುಂಠವಾಸಿ ಎಂದೆಲ್ಲ ಮನೆಯವರು ಬರೆದು ತರುತ್ತಿದ್ದ ಚೀಟಿಗಳನ್ನು ‘ನಿಧನರಾದರು’ ಎಂದು ತಿದ್ದುವುದು ಕೆಲಸ. ಒಮ್ಮೆ ಚಾಮರಾಜಪೇಟೆಯ ಮೇಷ್ಟರೊಬ್ಬರಿಗೆ ಉತ್ಸಾಹದಿಂದ ‘ಜ್ಞಾನದೀಪ ಆರಿತು’ ಎಂದು ಬರೆದೆ. ಹಿರಿಯ ಉಪಸಂಪಾದಕರು ಕನ್ನಡಕದ ಮೇಲಿನಿಂದ ನೋಡಿ, ‘ಕರೆಂಟು ಹೋಯಿತೇನಯ್ಯ? ಎಷ್ಟು ದಿನ ಮಲಗಿದ್ದರು, ಯಾರು ನೋಡಿಕೊಂಡರು, ಕೇಳಿದೆಯಾ?’ ಎಂದರು. ಕೇಳಿರಲಿಲ್ಲ. ಸೈಕಲ್ ಹತ್ತಿಸಿ ವಾಪಸು ಕಳುಹಿಸಿದರು. ಸೊಸೆ ಬಾಗಿಲಲ್ಲೇ ನಿಂತು, ಏಳು ತಿಂಗಳು ಎಂದರು. ಒಳಗಿನಿಂದ ಮಡಿಸಿಟ್ಟ ಹಳೆಯ ಪಂಚೆಯ ತುಂಡುಗಳ ಗಂಟು ತಂದು ತೋರಿಸಿ, ಇಷ್ಟು ಉಳಿದಿದೆ, ಏನು ಮಾಡಲಿ ಎಂದು ನನ್ನನ್ನೇ ಕೇಳಿದರು. ಪತ್ರಿಕೆಯಲ್ಲಿ ನಾಲ್ಕು ಸಾಲಿಗಷ್ಟೇ ಜಾಗವಿತ್ತು, ಗಂಟು ಅಚ್ಚಾಗಲಿಲ್ಲ. ದೀಪವೂ ಅಚ್ಚಾಗಲಿಲ್ಲ ಎನ್ನಿ.

ನೀವು ಕಂಡಕ್ಟರರ ಹೆಂಡತಿಗೆ ಏನು ಹೇಳಿದಿರಿ? ‘ಇನ್ನು ಒಂದೆರಡು ದಿನ ಅಮ್ಮ. ಊರಿಂದ ಬರಬೇಕಾದವರಿಗೆ ಹೇಳಿಬಿಡಿ.’ ಹಾಸಿಗೆಯ ಪಕ್ಕದಲ್ಲಿ, ಕಷ್ಟದ ಗಳಿಗೆಯಲ್ಲಿ, ಇಷ್ಟು ನೇರವಾಗಿ ಮಾತನಾಡಬಲ್ಲವರು ಮೇಜಿನ ಮುಂದೆ ಕುಳಿತೊಡನೆ ದೀಪ ನಂದಿಸತೊಡಗುವುದು ನನಗೆ ಅರ್ಥವಾಗುವುದಿಲ್ಲ.

ಉಪಶೀರ್ಷಿಕೆಗಳು, ಕೊನೆಯ ಕವಿತೆ ಇವುಗಳ ಬಗ್ಗೆ ನಾನು ಏನನ್ನೂ ಹೇಳುತ್ತಿಲ್ಲ. ಬಾಗಿಲ ಬಳಿ ನಿಂತ ಮಗಳಿಂದ ಆರಂಭಿಸಿ, ಫೋನಿನಲ್ಲಿ ಹೇಳಿದಂತೆಯೇ ಬರೆದು ಕಳುಹಿಸಿ. ಮುಂದಿನ ತಿಂಗಳ 10ರೊಳಗೆ ಬಂದರೆ ಒಳ್ಳೆಯದು. ರಾತ್ರಿ ಪಾಳಿ ಇದ್ದರೆ ನಾಲ್ಕು ದಿನ ತಡವಾದರೂ ಜಾಗ ಹಿಡಿದಿಟ್ಟಿರುತ್ತೇನೆ. ದೇವತೆಯರ ಶೀರ್ಷಿಕೆಯನ್ನು ಮಾತ್ರ ಬಿಟ್ಟುಬಿಡಿ, ಬೇರೆಯದನ್ನು ಇಲ್ಲಿ ನಾವೇ ಇಡುತ್ತೇವೆ.

ಇಂತು,
ಸಂಪಾದಕ