ಕಾನೂನುಬಾಹಿರ ಶಿಕ್ಷೆಯನ್ನು ಅದನ್ನು ವಿಧಿಸಿದ ನ್ಯಾಯಾಲಯವೇ ತಿದ್ದಬಹುದೇ?

ಶಿಕ್ಷೆ ಕಠಿಣವಾಗಿರುವುದು ಬೇರೆ, ಕಾನೂನುಬಾಹಿರವಾಗಿರುವುದು ಬೇರೆ. ಗರಿಷ್ಠ ಮೂರು ವರ್ಷ ಸೆರೆವಾಸವಿರುವ ಅಪರಾಧಕ್ಕೆ ಐದು ವರ್ಷ ವಿಧಿಸಿದರೆ ಅದು ಕಾನೂನುಬಾಹಿರ. ಅದೇ ಅಪರಾಧಕ್ಕೆ ಎರಡೂವರೆ ವರ್ಷ ವಿಧಿಸಿದಾಗ ಅದು ಹೆಚ್ಚಾಯಿತೆನ್ನುವುದು ಶಿಕ್ಷೆ ಕಠಿಣವೆಂಬ ತಕರಾರು ಮಾತ್ರ.

ಭಾರತದಲ್ಲಿ ತೀರ್ಪಿಗೆ ಸಹಿಯಾದ ಮೇಲೆ, ಕಾನೂನು ಬೇರೆ ಅವಕಾಶ ನೀಡದ ಹೊರತು, 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 403ನೇ ಕಲಮಿನಂತೆ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 362ನೇ ಕಲಮು) ಬರವಣಿಗೆಯ ಅಥವಾ ಲೆಕ್ಕದ ತಪ್ಪನ್ನಷ್ಟೇ ಆ ನ್ಯಾಯಾಲಯ ತಿದ್ದಬಹುದು. ಐದು ವರ್ಷದ ಆ ಶಿಕ್ಷೆ ಎಷ್ಟೇ ಸ್ಪಷ್ಟವಾಗಿ ತಪ್ಪಾಗಿದ್ದರೂ ಅದನ್ನು ಮೇಲ್ಮನವಿಯಲ್ಲೋ ರಿವಿಷನ್ (ಕೆಳ ನ್ಯಾಯಾಲಯದ ಆದೇಶದ ಮರುಪರಿಶೀಲನೆ) ಅರ್ಜಿಯಲ್ಲೋ ಮೇಲಿನ ನ್ಯಾಯಾಲಯವೇ ಸರಿಪಡಿಸಬೇಕಾಗುತ್ತದೆ, ಇದು ನನಗೆ ಅತಿ ಬಿಗಿಯೆನಿಸುತ್ತದೆ. ಅಮೆರಿಕದ ಫೆಡರಲ್ ನ್ಯಾಯಾಲಯವಾದರೆ ಇಂಥ ಸ್ಪಷ್ಟ ತಪ್ಪನ್ನು 14 ದಿನಗಳೊಳಗೆ ತಾನೇ ತಿದ್ದಬಹುದು. ರಿವಿಷನ್‌ನಲ್ಲಿ ಶಿಕ್ಷೆ ಹೆಚ್ಚಿಸುವುದಾದರೆ ಹೈಕೋರ್ಟ್ ಮೊದಲು ಅಪರಾಧಿಯ ವಾದ ಮಂಡನೆಗೆ ಅವಕಾಶ ಕೊಡಲೇಬೇಕು.